ಕರೆಂಟಿಲ್ಲ, ಸೆಲ್ಲಿಲ್ಲ, ಆದರೂ ದನಿ ಬಂತು: ಕ್ರಿಸ್ಟಲ್ ರೇಡಿಯೋ ಕಿಟ್ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್ ತಗೊಳ್ಳಿ. ಆದರೆ ಜೊತೆಗೆ ಬರುವ ಇಯರ್‌ಫೋನ್ ನಂಬಿಕೊಂಡು ಕೂರಬೇಡಿ, ಅದೊಂದನ್ನು ಬೇರೆ ತರಿಸಿ. ಅರ್ಥಿಂಗ್ ಸರಿಯಾಗಿ ಮಾಡಿ. ಈ ಎರಡು ಗೊತ್ತಿಲ್ಲದೆ ನಾನು ಹದಿನೈದು ದಿನ ಕಳೆದುಕೊಂಡೆ, ಇನ್ನೇನು ವಾಪಸ್ ಕಳಿಸೋಣ ಅಂತ ಡಬ್ಬ ಕಟ್ಟಿಟ್ಟಿದ್ದೆ ಕೂಡ. ನಿಮಗೆ ಹಾಗಾಗಬಾರದು ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಎಲೆಕ್ಟ್ರಾನಿಕ್ಸ್ ಓದಿದವನಲ್ಲ. ಚಿಕ್ಕಬಳ್ಳಾಪುರದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇದೆ. ಮನೆ ನಂದಿ ಕಡೆ ಹೋಗುವ ದಾರಿಯಲ್ಲಿ, ಹಿಂದೆ ಅರ್ಧ ಎಕರೆ ದ್ರಾಕ್ಷಿ. ಎಂಟನೇ ಕ್ಲಾಸಿನ ಮಗಳು ಒಂದು ದಿನ "ಅಪ್ಪಾ, ಮೊದಮೊದಲು ರೇಡಿಯೋ ಹೇಗಿತ್ತು? ಕರೆಂಟೇ ಇಲ್ಲದ ಮನೆಯಲ್ಲಿ ಹೇಗೆ ಕೇಳುತ್ತಿದ್ದರು?" ಅಂತ ಕೇಳಿದಳು. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಕಿಟ್. ಕೊರಿಯರ್ ಸೇರಿ 1,350 ರೂಪಾಯಿ.

ಡಬ್ಬದಲ್ಲಿ ಏನೇನಿದೆ ಅಂದರೆ, ಒಂದು ಮರದ ಹಲಗೆ, ಕಾಯಿಲ್ ಸುತ್ತಲು ದಪ್ಪ ರಟ್ಟಿನ ಕೊಳವೆ, ತಾಮ್ರದ ಎನಾಮಲ್ ವೈರ್, ಸ್ಟೇಷನ್ ತಿರುಗಿಸಲು ಒಂದು ಗ್ಯಾಂಗ್ ಕಂಡೆನ್ಸರ್, ಒಂದು ಜರ್ಮೇನಿಯಂ ಡಯೋಡ್, ಏರಿಯಲ್ಲಿಗೆ ಹತ್ತು ಮೀಟರ್ ವೈರ್, ಒಂದು ಇಯರ್‌ಫೋನ್. ಇವಲ್ಲದೆ ಒಂದು ಸಣ್ಣ ಹಿತ್ತಾಳೆ ಬಟ್ಟಲಲ್ಲಿ ಕೂರಿಸಿದ ಕಲ್ಲು. ಆ ಕಲ್ಲಿಗೋಸ್ಕರವೇ ನಾನು ತಗೊಂಡಿದ್ದು. ಗೆಲೀನಾ ಅಂತಾರೆ, ಸೀಸದ ಅದಿರು. ತೊಳೆಯದೆ ಇಟ್ಟ ಬೆಳ್ಳಿ ಲೋಟದ ಬಣ್ಣ. ಕಲ್ಲುಸಕ್ಕರೆ ಒಡೆದಾಗ ಮೈ ಚೌಕ ಚೌಕವಾಗಿ ಹೊಳೆಯುತ್ತಲ್ಲ, ಹಾಗೆ. ಅದರ ಮೇಲೆ ಆಡಿಸಲು ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗ್ ತಂತಿ. ಆ ತಂತಿಯನ್ನು ಹಳಬರು ಬೆಕ್ಕಿನ ಮೀಸೆ ಅಂತಲೇ ಕರೆಯುತ್ತಿದ್ದರಂತೆ. ಮಗಳಿಗೆ ಆ ಹೆಸರು ಬಹಳ ಇಷ್ಟವಾಯಿತು.

ಈ ಕಲ್ಲು ಏನು ಮಾಡುತ್ತದೆ ಅನ್ನುವುದನ್ನು ಕಿಟ್ ಜೊತೆ ಬಂದ ಕಾಗದದಲ್ಲಿ ಸರಿಯಾಗಿ ಬರೆದಿಲ್ಲ. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್. ಅಂದರೆ ಆ ಅಲೆ ಒಂದು ಸೆಕೆಂಡಿಗೆ ಆರು ಲಕ್ಷದ ಹನ್ನೆರಡು ಸಾವಿರ ಸಲ ಹಿಂದೆ ಮುಂದೆ ಆಡುತ್ತದೆ. ಮಾತು, ಹಾಡು ಎಲ್ಲ ಆ ಅಲೆಯ ಏರಿಳಿತದಲ್ಲಿ ಕೂತಿರುತ್ತದೆ. ಇಯರ್‌ಫೋನಿನ ಒಳಗಿನ ತಗಡು ಅಷ್ಟು ಬೇಗ ಅಲುಗಾಡಲಾರದು, ಅದಕ್ಕೆ ಹೋದದ್ದೂ ಬಂದದ್ದೂ ಸೇರಿ ಸೊನ್ನೆ. ಕಲ್ಲಿನ ಮೇಲೆ ತಂತಿಯ ತುದಿ ಸರಿಯಾದ ಜಾಗದಲ್ಲಿ ತಾಗಿದರೆ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ, ವಾಪಸ್ ಬರುವುದಿಲ್ಲ. ನಮ್ಮ ಬೋರ್‌ವೆಲ್ ಪೈಪಿನಲ್ಲಿ ಎನ್‌ಆರ್‌ವಿ ವಾಲ್ವ್ ಹಾಕುತ್ತೇವಲ್ಲ, ನೀರು ಮೇಲಕ್ಕೆ ಮಾತ್ರ, ಕೆಳಕ್ಕೆ ಇಲ್ಲ, ಅದೇ ಕೆಲಸ. ಆಗ ಏರಿಳಿತ ಮಾತ್ರ ಉಳಿದು ಕಿವಿಗೆ ಕೇಳುತ್ತದೆ. ಕೇಳಲು ಬೇಕಾದ ಶಕ್ತಿಯೂ ಅಲೆಯಲ್ಲೇ ಬರುತ್ತದೆ. ಬೆಂಗಳೂರಿನಲ್ಲಿ ಕಳಿಸಿದ ಶಕ್ತಿಯ ಒಂದು ಹನಿಯೇ ಇಲ್ಲಿ ನಮ್ಮ ಕಿವಿಯಲ್ಲಿ ತಗಡನ್ನು ಅಲುಗಿಸುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಗೆಲೀನಾ ಕಲ್ಲನ್ನು ಹೀಗೆ ಬಳಸಬಹುದು ಅಂತ ಪೇಟೆಂಟಿಗೆ ಅರ್ಜಿ ಹಾಕಿದವರು ನಮ್ಮ ಜಗದೀಶಚಂದ್ರ ಬೋಸ್, 1901ರಲ್ಲಿ. ಅಮೆರಿಕದವರು 1904ರಲ್ಲಿ ಪೇಟೆಂಟ್ ಕೊಟ್ಟರು. ಕಿಟ್ಟಿನ ಕಾಗದದಲ್ಲಿ ಬೋಸ್ ಹೆಸರೇ ಇಲ್ಲ. ಭಾರತದಲ್ಲಿ ಮಾರುವ ಕಿಟ್, ಮಕ್ಕಳ ಕೈಗೆ ಹೋಗುವ ಕಿಟ್. ಒಂದು ಸಾಲು ಹಾಕಲು ಏನು ಕಷ್ಟ?

ಈಗ ತೊಂದರೆಗಳಿಗೆ ಬರುತ್ತೇನೆ. ಕಾಯಿಲ್ಲಿಗೆ ತೊಂಬತ್ತು ಸುತ್ತು ಅಂತ ಬರೆದಿದ್ದಾರೆ. ಕೊಟ್ಟ ವೈರ್ ಎಪ್ಪತ್ತೆರಡು ಸುತ್ತಿಗೇ ಮುಗಿಯಿತು. ಬಸ್ ಸ್ಟ್ಯಾಂಡ್ ಹತ್ತಿರದ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಅದೇ ಗೇಜಿನ ವೈಂಡಿಂಗ್ ವೈರ್ ತೂಕ ಹಾಕಿ ಕೊಟ್ಟರು, ಮೊದಲಿಂದ ಸುತ್ತಿದೆವು. ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ ಮೋಟಾರು ಸುಡದ ದಿನವಿಲ್ಲ, ಹಾಗಾಗಿ ಈ ವೈರಿಗೆ ಬರ ಇಲ್ಲ. ತುದಿಯ ಎನಾಮಲ್ ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ ತೆಗೆಯಬೇಕು, ತಾಮ್ರ ಕೆಂಪಗೆ ಹೊಳೆಯುವವರೆಗೆ. ಇದನ್ನೂ ಕಾಗದದಲ್ಲಿ ಹೇಳಿಲ್ಲ.

ಇಯರ್‌ಫೋನ್ ವಿಷಯ ಇದಕ್ಕಿಂತ ದೊಡ್ಡದು. ಅವರು ಕೊಟ್ಟಿದ್ದು ಮೊಬೈಲಿಗೆ ಹಾಕುವ ಸಾಮಾನ್ಯ ಇಯರ್‌ಫೋನ್, 32 ಓಮಿನದು (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ). ಇಂಥ ರೇಡಿಯೋಗೆ ಅದು ನಡೆಯುವುದೇ ಇಲ್ಲ. ಸಾವಿರಾರು ಓಮ್ ಇರುವ ಹಳೇ ಹೆಡ್‌ಫೋನ್ ಬೇಕು, ಇಲ್ಲವಾದರೆ ಸೆರಾಮಿಕ್ ಇಯರ್‌ಪೀಸ್. ಎಲ್ಲ ಜೋಡಿಸಿ ಮೂವರೂ ಸರದಿ ಮೇಲೆ ಕಿವಿಗಿಟ್ಟುಕೊಂಡು ಕೂತರೂ ಸುಮ್ನೆ ಮೌನ. ಹೀಗೆ ಆರು ಸಂಜೆ. ಮಗಳು ತಾನು ಸುತ್ತಿದ್ದೇ ತಪ್ಪು ಅಂದುಕೊಂಡು ಅಳುಮುಖ ಮಾಡಿದಳು. ನನಗೆ ಮಾರಿದವರ ಮೇಲೆ ನಿಜವಾಗಿ ಸಿಟ್ಟು ಬಂದಿದ್ದು ಆಗ. ದುಡ್ಡು ಹೋದರೆ ಹೋಗಲಿ, ಮಗು ತನ್ನ ಕೆಲಸದ ಮೇಲೆ ತಾನೇ ಅನುಮಾನ ಪಡುವ ಹಾಗೆ ಮಾಡಬಾರದು. ನಾನು ಬರೆದ ಮೇಲೆ ಎಂಟು ದಿನಕ್ಕೆ ಉತ್ತರ ಬಂತು, ತಪ್ಪು ಒಪ್ಪಿಕೊಂಡರು, ಬೇರೆ ಇಯರ್‌ಪೀಸ್ ಕಳಿಸುತ್ತೇವೆ ಅಂದರು. ಅಷ್ಟರಲ್ಲಿ ಊರಿನ ಹಳೇ ರೇಡಿಯೋ ಮೆಕ್ಯಾನಿಕ್ ಒಬ್ಬರು ದಾರಿ ತೋರಿಸಿದ್ದರು. ಈಗ ಮಿಕ್ಸಿ, ಸ್ಟಾರ್ಟರ್ ರಿಪೇರಿ ಮಾಡುತ್ತಾರೆ. ಇಯರ್‌ಫೋನ್ ಪಿನ್ ನೋಡಿದ ತಕ್ಷಣ "ಇದರಲ್ಲಿ ಯಾವತ್ತೂ ಕೇಳಲ್ಲ ಕಣಪ್ಪಾ, ಎಸ್‌ಪಿ ರೋಡಿಗೆ ಹೋಗು" ಅಂದರು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 80 ರೂಪಾಯಿಗೆ ಸಿಕ್ಕಿತು.

ಏರಿಯಲ್ ಬಗ್ಗೆ. ಹತ್ತು ಮೀಟರ್ ಸಾಲದು. ನಾನು ಮೊದಲು ದ್ರಾಕ್ಷಿ ಚಪ್ಪರದ ತಂತಿಗೇ ಕಟ್ಟಿ ನೋಡಿದೆ, ಅರ್ಧ ಎಕರೆ ಉದ್ದಗಲ ತಂತಿ ಇದೆಯಲ್ಲಾ ಅಂತ. ಬಹಳ ಆಸೆ ಇತ್ತು. ಆದರೆ ಆ ತಂತಿ ಎಲ್ಲ ಕಡೆ ಕಲ್ಲುಕಂಬಕ್ಕೆ ಬಿಗಿದಿದೆ, ಹಸಿ ಬಳ್ಳಿ ಹಬ್ಬಿದೆ, ಎತ್ತರ ಬರೀ ಆರಡಿ. ಬಂದದ್ದೆಲ್ಲ ನೆಲಕ್ಕೆ ಇಳಿದುಹೋಗುತ್ತದೆ ಅಂತ ಮೆಕ್ಯಾನಿಕ್ ಹೇಳಿದರು, ಹಾಗೇ ಆಯಿತು. ಆಮೇಲೆ ಮಾಳಿಗೆ ಮೇಲಿನಿಂದ ಹೊಲದ ಅಂಚಿನ ಸಿಲ್ವರ್ ಓಕ್ ಮರಕ್ಕೆ ಇಪ್ಪತ್ತೆಂಟು ಮೀಟರ್ ವೈರ್ ಎಳೆದೆವು, ಎರಡೂ ತುದಿಗೆ ನೈಲಾನ್ ಹಗ್ಗ ಕೊಟ್ಟು, ವೈರ್ ಮರಕ್ಕೂ ಗೋಡೆಗೂ ತಾಗದ ಹಾಗೆ. ದಯವಿಟ್ಟು ಕರೆಂಟ್ ಲೈನಿನ ಹತ್ತಿರ ಮಾತ್ರ ವೈರ್ ಎಸೆಯಬೇಡಿ. ಗುಡುಗು ಶುರುವಾಗುವ ಮೊದಲೇ ಏರಿಯಲ್ ಬಿಚ್ಚಿ ಹೊರಗೆ ನೆಲಕ್ಕೆ ಸೇರಿಸಿಬಿಡಿ. ಮೋಡ ಕಟ್ಟಿದ ಕೂಡಲೇ ನಮ್ಮಜ್ಜಿ ಓಡಿಬಂದು ರೇಡಿಯೋ ಏರಿಯಲ್ ಕೀಳುತ್ತಿದ್ದದ್ದು ಅಪ್ಪನಿಗೆ ಇನ್ನೂ ನೆನಪಿದೆ.

ಅರ್ಥಿಂಗಿಗೆ ಬೋರ್‌ವೆಲ್ ಕೇಸಿಂಗ್ ಪೈಪಿಗೆ ಕ್ಲಿಪ್ ಹಾಕಿದ್ದೆ. ಅದಕ್ಕಿಂತ ಆಳಕ್ಕೆ ಹೋದದ್ದು ನಮ್ಮ ಮನೆಯಲ್ಲಿ ಬೇರೇನಿಲ್ಲ. ಆದರೆ ಅಲ್ಲಿ ಮೋಟಾರಿನ ಅರ್ಥೂ ಸೇರಿರುವುದರಿಂದ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ತುಂಬಿತು. ಕೊನೆಗೆ ಬಚ್ಚಲ ನೀರು ಹರಿಯುವ ಜಾಗದಲ್ಲಿ, ಬಾಳೆಗಿಡದ ಬುಡದಲ್ಲಿ, ತಾಮ್ರದ ಸರಳು ಹೊಡೆದೆ. ನಮ್ಮ ಬಯಲುಸೀಮೆಯ ಮಣ್ಣು ಅಷ್ಟು ಒಣಗಿರುತ್ತದೆ ಅಂದರೆ ವರ್ಷಪೂರ್ತಿ ಹಸಿ ಇರುವ ಜಾಗ ಅಂದರೆ ಬಾಳೆಬುಡ ಒಂದೇ. ಸದ್ದು ಸ್ವಚ್ಛವಾಯಿತು.

ಕಲ್ಲಿನ ಕೆಲಸವನ್ನೇ ಮಾಡುವ ಡಯೋಡ್ ಹಾಕಿದಾಗ ದನಿ ಸಲೀಸಾಗಿ ಬಂತು. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮಗಳು ಕುಣಿದಳು, ನಾನೂ ಸಮಾಧಾನಪಟ್ಟೆ. ಆದರೆ ನಾನು ನಿಜವಾಗಿ ಬರೆಯಬೇಕು ಅಂದುಕೊಂಡದ್ದು ಅದರ ಮುಂದಿನ ಶನಿವಾರದ ಸಂಜೆ, ಡಯೋಡ್ ತೆಗೆದು ಕಲ್ಲು ಇಟ್ಟ ಸಂಜೆ.

ಅವತ್ತು ಕರೆಂಟ್ ಹೋಗಿತ್ತು. ಮಾಳಿಗೆ ಮೇಲೆ ಚಾಪೆ ಹಾಸಿ, ನಡುವೆ ಹಲಗೆ ಇಟ್ಟುಕೊಂಡು ಕೂತೆವು. ನಾನು, ಮಗಳು, ಅಪ್ಪ. ಅಪ್ಪನಿಗೆ ಎಪ್ಪತ್ತಾರು. ಮೊಣಕಾಲು ನೋವಿದ್ದರೂ ಮೆಟ್ಟಿಲು ಹತ್ತಿ ಬಂದಿದ್ದರು. ಮಗಳ ಕೈಯಲ್ಲಿ ಬೆಕ್ಕಿನ ಮೀಸೆ. ಕಲ್ಲಿನ ಮೇಲೆ ತಂತಿ ತಾಗಿಸುತ್ತಾ ಹೋಗಬೇಕು, ಯಾವ ಜಾಗದಲ್ಲಿ ದನಿ ಸಿಗುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ. ಒಂದು ಚೂರು ಒತ್ತಿದರೆ ಹೋಯಿತು, ಒತ್ತದಿದ್ದರೂ ಇಲ್ಲ. ಕಿವಿಯಲ್ಲಿ ಕರಕರ ಸದ್ದು, ಆಮೇಲೆ ಏನೂ ಇಲ್ಲ. ಮತ್ತೆ ಇನ್ನೊಂದು ಜಾಗ. ಉಸಿರು ಬಿಟ್ಟರೂ ತಂತಿ ಅಲುಗುತ್ತದೆ. ಹತ್ತು ನಿಮಿಷವಾದರೂ ಸಿಗದೆ ಮಗಳಿಗೆ ಬೇಜಾರಾಗತೊಡಗಿತು.

ಸುಮ್ನೆ ಕೂರದೆ ಅವಳಿಗೆ ನಾನು ಓದಿಕೊಂಡದ್ದು ಹೇಳಿದೆ. 1922ರ ನವೆಂಬರ್ 14ರ ಸಂಜೆ ಲಂಡನ್ನಿನಲ್ಲಿ ಬಿಬಿಸಿ ಮೊದಲ ಸಲ ವಾರ್ತೆ ಓದಿತು. ಓದಿದವರು ಆರ್ಥರ್ ಬರೋಸ್. ಒಂದೇ ವಾರ್ತೆಯನ್ನು ಎರಡು ಸಲ ಓದಿದರು, ಒಮ್ಮೆ ಬೇಗ, ಒಮ್ಮೆ ನಿಧಾನವಾಗಿ. ಯಾವುದು ಚೆನ್ನಾಗಿ ಕೇಳಿತು ತಿಳಿಸಿ ಅಂತ ಕೇಳುಗರನ್ನೇ ಕೇಳಿದರು. ರೇಡಿಯೋದಲ್ಲಿ ಹೇಗೆ ಮಾತಾಡಬೇಕು ಅಂತ ಮಾತಾಡುವವರಿಗೂ ಆಗ ಗೊತ್ತಿರಲಿಲ್ಲ, ಅಲ್ವಾ? ಆಗ ಎಷ್ಟೋ ಮನೆಗಳಲ್ಲಿ ಇದ್ದದ್ದು ಇಂಥದ್ದೇ ಕಲ್ಲು, ಇಂಥದ್ದೇ ತಂತಿ. "ನಮ್ಮ ಕನ್ನಡ ಮಿಸ್ ಉಕ್ತಲೇಖನ ಕೊಟ್ಟ ಹಾಗೆ" ಅಂದಳು ಮಗಳು.

ಅಪ್ಪ ಕೇಳಿದರು, "ನಮ್ಮ ಕಡೆ ಯಾವಾಗ ಶುರುವಾಯಿತು?" ಮದ್ರಾಸಿನ ಕಥೆ ಹೇಳಿದೆ. ಅಲ್ಲಿ 1924ರಲ್ಲೇ ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿ ಅನ್ನುವವರು ರೇಡಿಯೋ ಕ್ಲಬ್ ಕಟ್ಟಿ ಸಂಜೆ ಹೊತ್ತು ಹಾಡು, ಮಾತು ಪ್ರಸಾರ ಮಾಡಿದರು. ದುಡ್ಡು ಸಾಲದೆ 1927ರಲ್ಲಿ ನಿಂತಿತು, 1930ರಲ್ಲಿ ಅಲ್ಲಿನ ಕಾರ್ಪೊರೇಷನ್ ಮತ್ತೆ ಶುರುಮಾಡಿತು. ಮುಂಬೈಯಲ್ಲಿ 1927ರ ಜುಲೈ 23ಕ್ಕೆ ಖಾಸಗಿ ಕಂಪನಿಯೊಂದರ ರೇಡಿಯೋ ಬಂತು. ಕೇಳುವವರು ವರ್ಷಕ್ಕೆ ಹತ್ತು ರೂಪಾಯಿ ಲೈಸೆನ್ಸ್ ಕಟ್ಟಬೇಕಿತ್ತು. ಆ ಕಾಲದ ಹತ್ತು ರೂಪಾಯಿ ಅಂದರೆ ಯಾರ ಕೈಲಿತ್ತು? ಮೂರೇ ವರ್ಷಕ್ಕೆ ಕಂಪನಿ ಮುಚ್ಚಿತು.

ಮೈಸೂರಿನದು ಹೇಳುವಾಗ ನನಗೇ ಹುರುಪು ಬಂತು. ಡಾ. ಎಂ.ವಿ. ಗೋಪಾಲಸ್ವಾಮಿ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು. 1935ರ ಸೆಪ್ಟೆಂಬರ್ 10ರಂದು ತಮ್ಮ ಸ್ವಂತ ಮನೆಯಿಂದಲೇ, ವಿಠ್ಠಲ ವಿಹಾರ ಅಂತ ಆ ಮನೆಯ ಹೆಸರು, ಪ್ರಸಾರ ಶುರುಮಾಡಿದರು. ಅವರ ಟ್ರಾನ್ಸ್‌ಮಿಟರ್ 30 ವ್ಯಾಟಿನದು. ನಮ್ಮ ಮನೆಯ ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆಯುತ್ತದೆ. ಅದರ ಅರ್ಧಕ್ಕೂ ಕಡಿಮೆ ಶಕ್ತಿಯಲ್ಲಿ ಒಬ್ಬ ಮೇಷ್ಟ್ರು ಊರಿಗೆಲ್ಲ ಹಾಡು ಕೇಳಿಸಿದರು. ಈಗ ಬೆಂಗಳೂರಿನ ಮೀಡಿಯಂ ವೇವ್ 200 ಕಿಲೋವ್ಯಾಟ್, ಅಂದರೆ ಆರು ಸಾವಿರ ಪಟ್ಟಿಗಿಂತ ಜಾಸ್ತಿ. ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದು ಮೈಸೂರಿನ ಆ ನಿಲಯದಲ್ಲಿ, ಅದನ್ನು ಸೂಚಿಸಿದವರು ನಾ. ಕಸ್ತೂರಿ ಅಂತ ಹೇಳುತ್ತಾರೆ. ಈಗ ಇಡೀ ದೇಶ ಆ ಹೆಸರಿನಲ್ಲೇ ಕರೆಯುತ್ತದೆ.

ನಾನು ಇನ್ನೂ ಹೇಳುತ್ತಲೇ ಇದ್ದೆ, ಮಗಳು ಕೈ ಎತ್ತಿದಳು. ಬಾಯಿ ತೆರೆಯಲಿಲ್ಲ, ಕೈ ಮಾತ್ರ. ಇಯರ್‌ಪೀಸ್ ಕಿವಿಯಿಂದ ತೆಗೆದು ಮೆಲ್ಲಗೆ ತಾತನ ಕಿವಿಗಿಟ್ಟಳು. ಅಪ್ಪ ಕಣ್ಣು ಮುಚ್ಚಿದರು. ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ವೀಣೆ" ಅಂದರು.

ಮೂವರಿಗೆ ಒಂದೇ ಇಯರ್‌ಪೀಸ್. ಆಗಿನ ಕಾಲದಲ್ಲಿ ಮನೆಯವರೆಲ್ಲ ಕೇಳಲಿ ಅಂತ ಹೆಡ್‌ಫೋನನ್ನು ಪಿಂಗಾಣಿ ಬಟ್ಟಲಿನಲ್ಲಿ ಇಡುತ್ತಿದ್ದರು ಅಂತ ಓದಿದ್ದೆ. ಮಗಳು ಕೆಳಗೆ ಓಡಿ ದೇವರ ಮನೆಯ ಹಿತ್ತಾಳೆ ಚೊಂಬು ತಂದಳು. ಅಜ್ಜಿ ಬೈದದ್ದು ಮೇಲಕ್ಕೂ ಕೇಳಿಸಿತು. ಚೊಂಬಿನೊಳಗೆ ಇಯರ್‌ಪೀಸ್ ಇಳಿಬಿಟ್ಟು ಮೂವರೂ ತಲೆ ಬಗ್ಗಿಸಿದೆವು. ಸೊಳ್ಳೆ ಗುಂಯ್‌ಗುಟ್ಟುವಷ್ಟು ಸಣ್ಣ ದನಿ, ಆದರೆ ಹಿತ್ತಾಳೆಯ ಕಂಪನ ಸೇರಿ ದುಂಡಗಾಗಿತ್ತು. ವೀಣೆ ಮುಗಿಯಿತು. ಹೆಂಗಸೊಬ್ಬರ ದನಿ: "ವಾರ್ತೆಗಳು. ಓದುತ್ತಿರುವವರು…" ಅಷ್ಟರಲ್ಲಿ ಗಾಳಿ ಬೀಸಿ ಸಿಲ್ವರ್ ಓಕ್ ಅಲ್ಲಾಡಿತು, ತಂತಿ ಕಲ್ಲಿನಿಂದ ಸರಿಯಿತು, ಹೆಸರು ಕೇಳಿಸಲಿಲ್ಲ. ಮಗಳು ಮತ್ತೆ ಹುಡುಕಿ ಹಿಡಿಯುವ ಹೊತ್ತಿಗೆ ಮಳೆಯ ಸುದ್ದಿ ಬರುತ್ತಿತ್ತು.

ಅಪ್ಪ ಆಗ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವರ ಚಿಕ್ಕಂದಿನಲ್ಲಿ ಊರಿಗೆಲ್ಲ ಇದ್ದದ್ದು ಪಂಚಾಯ್ತಿ ರೇಡಿಯೋ ಒಂದೇ. ಸಂಜೆ ಹಾಕುವ ಹೊತ್ತಿಗೆ ದನ ಕಟ್ಟಿ, ಕೈಕಾಲು ತೊಳೆದು ಜನ ಕಟ್ಟೆ ಮೇಲೆ ಬಂದು ಕೂರುತ್ತಿದ್ದರು. ನಮ್ಮ ತಾತನಿಗೆ ಕಿವಿ ಸ್ವಲ್ಪ ಮಂದ. ಅಪ್ಪ ಪಕ್ಕದಲ್ಲಿ ಕೂತು ವಾರ್ತೆಯ ಒಂದೊಂದು ಮಾತನ್ನೂ ಅವರ ಕಿವಿಗೆ ಹೇಳಬೇಕಿತ್ತು. "ನಾನು ಅರ್ಧ ಬಿಟ್ಟು ಹೇಳ್ತಿದ್ದೆ, ಆಟಕ್ಕೆ ಹೋಗಬೇಕಲ್ಲ. ಈಗ ಅನ್ನಿಸುತ್ತೆ, ಪೂರ್ತಿ ಹೇಳಬೇಕಿತ್ತು" ಅಂದರು.

ಫೋನಿನಲ್ಲಿ ಆ್ಯಪ್ ಹಾಕಿದರೆ ಇದೇ ಆಕಾಶವಾಣಿ ಇದಕ್ಕಿಂತ ನೂರು ಪಟ್ಟು ಚೆನ್ನಾಗಿ ಕೇಳುತ್ತದೆ. ಅದು ನನಗೆ ಗೊತ್ತು. ಆದರೆ ಫೋನ್ ತಾನೇ ಹಾಡುತ್ತಿರುತ್ತದೆ, ನಾವು ನಮ್ಮ ಪಾಡಿಗೆ ಇರುತ್ತೇವೆ. ಇಲ್ಲಿ ಮೂರು ತಲೆ ಒಂದು ಚೊಂಬಿಗೆ ಬಗ್ಗಿದ್ದವು, ಒಬ್ಬರೂ ಅಲುಗಾಡಲಿಲ್ಲ. ನನ್ನ ಲೆಕ್ಕದಲ್ಲಿ 1,350 ರೂಪಾಯಿ ಅದಕ್ಕೇ ಕೊಟ್ಟದ್ದು.

ತಗೊಳ್ಳುವವರು ಗಮನಿಸಬೇಕಾದದ್ದು ಇನ್ನೂ ಕೆಲವಿದೆ. ಇದರಲ್ಲಿ ಎಫ್‌ಎಂ ಬರುವುದಿಲ್ಲ, ಮೀಡಿಯಂ ವೇವ್ ಮಾತ್ರ. ನಮ್ಮಲ್ಲಿ ಹಗಲು ಬೆಂಗಳೂರು ಒಂದೇ. ಕತ್ತಲಾದ ಮೇಲೆ ಮೀಡಿಯಂ ವೇವ್ ಮೇಲಿನ ವಾತಾವರಣಕ್ಕೆ ಬಡಿದು ದೂರಕ್ಕೆ ಬರುತ್ತದೆ. ಒಂದು ರಾತ್ರಿ ಹತ್ತರ ಮೇಲೆ ಬೆಂಗಳೂರಿನ ಹಿಂದೆ ತಮಿಳು ದನಿಯೊಂದು ಬಂದು ಬಂದು ಹೋಗುತ್ತಿತ್ತು. ಪಟ್ಟಣದ ನಡುವೆ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ, ಉದ್ದ ಏರಿಯಲ್ ಕಟ್ಟಲು ಜಾಗ ಇಲ್ಲದವರಿಗೆ ಇದು ಬೇಡ, ಸುಮ್ನೆ ಬೇಸರವಾಗುತ್ತದೆ. ಕೋಲಾರ, ತುಮಕೂರು, ದೊಡ್ಡಬಳ್ಳಾಪುರದ ಕಡೆ ತೋಟದ ಮನೆ ಇದ್ದರೆ ಖಂಡಿತ ಪ್ರಯತ್ನ ಮಾಡಿ. ಮತ್ತೆ ತಡ ಮಾಡಬೇಡಿ. ದೇಶದಲ್ಲಿ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದಾರೆ. ಅಲೆಯೇ ಇಲ್ಲದಿದ್ದರೆ ಈ ಕಲ್ಲು ಬರೀ ಕಲ್ಲು.

ಮಾರಿದವರಿಗೆ ನನ್ನದೊಂದು ವಿನಂತಿ. ಕಾಯಿಲ್ ವೈರ್ ಐದು ಮೀಟರ್ ಜಾಸ್ತಿ ಕೊಡಿ, ಸರಿಯಾದ ಇಯರ್‌ಪೀಸ್ ಹಾಕಿ, ಕನ್ನಡದಲ್ಲಿ ಒಂದು ಹಾಳೆ ಇಡಿ. ಹಾಳೆ ಬರೆದುಕೊಡಲು ನಾನು ತಯಾರಿದ್ದೇನೆ ಅಂತ ಅವರಿಗೂ ತಿಳಿಸಿದ್ದೇನೆ. ಐದಕ್ಕೆ ಮೂರೂವರೆ ಕೊಡುತ್ತಿದ್ದೇನೆ, ಕಡಿತ ಎಲ್ಲ ಇಯರ್‌ಫೋನಿನದು. ಕಲ್ಲಿಗೆ ಮಾತ್ರ ಕೊಡಬೇಕಿದ್ದರೆ ಐದಕ್ಕೆ ಐದು.

ಅವರು ಕಳಿಸಿದ ಬದಲಿ ಇಯರ್‌ಪೀಸ್ ಮೊನ್ನೆ ಬಂತು, ಚೆನ್ನಾಗಿದೆ. ಈಗ ಎರಡಾಯಿತು. ಒಂದನ್ನು ಅಪ್ಪ ತಮ್ಮ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಸಂಜೆ ಆರಾದರೆ ಮೆಟ್ಟಿಲ ಹತ್ತಿರ ನಿಂತು "ಮೀಸೆ ಹಿಡಿಯೋಳು ಎಲ್ಲಮ್ಮಾ?" ಅಂತ ಮೊಮ್ಮಗಳನ್ನು ಕೂಗುತ್ತಾರೆ.